ನೆಕ್ಕರೆಪದವಿನ ಮಣ್ಣು ಪಾಸಾದದ್ದು

ನಿವೃತ್ತ ಹೆಡ್ ಟೀಚರ ಎದುರಿಗೆ ಯಾವ ಸಂಖ್ಯೆಯನ್ನೂ ಬಾಯಿಬಿಟ್ಟು ಹೇಳಬಾರದು. ಇಷ್ಟು ಸಣ್ಣ ಬುದ್ಧಿ ದೇವಿಪ್ರಸಾದನಿಗೆ ಇದ್ದಿದ್ದರೆ ಆ ದಿನ ಅವನ ಕತೆಯೇ ಬೇರೆ ಆಗುತ್ತಿತ್ತು. ಆದರೆ ಬೆಳಗಿನ ಹೊತ್ತು, ಕೈಯಲ್ಲಿ ಬಿಸಿ ಚಾ, ಮನಸ್ಸಿನಲ್ಲಿ ಹಿಡಿಯಲಾಗದಷ್ಟು ಖುಷಿ. ಅಂಥ ಹೊತ್ತಿನಲ್ಲಿ ಮನುಷ್ಯ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟುಬಿಡುತ್ತಾನೆ.

ನರಿಕೊಂಬಿನಿಂದ ಸ್ವಲ್ಪ ಮೇಲೆ, ನೆಕ್ಕರೆಪದವಿನಲ್ಲಿ ಅಬ್ದುಲ್ ರವೂಫರದ್ದು ಒಂದು ದಿನಸಿ ಅಂಗಡಿ. ಅದರ ಬೆಂಚಿನಲ್ಲಿ ಅವನು ಕೂತಿದ್ದ. ಹಾಲಿನ ಪ್ಯಾಕೆಟಿಗೆ ಬಂದ ಶಂಕರಿ ಟೀಚರ್ ಕೊಡೆ ಮಡಚಿ ಕೇಳಿದರು.

"ಎಂತ ದೇವಿ, ನಿನ್ನ ಗುಂಡಿಯ ಮಣ್ಣಿನ ರಿಸಲ್ಟ್ ಬಂತಂತಲ್ಲ?"

"ಬಂತು ಟೀಚರ್. ಪಿಎಚ್ ನಾಲ್ಕು ಪಾಯಿಂಟ್ ಎಂಟು."

"ಎಷ್ಟಕ್ಕೆ?"

"ಎಷ್ಟಕ್ಕೆ ಅಂದ್ರೆ... ಅಳತೆ ಹದಿನಾಲ್ಕರವರೆಗೆ ಉಂಟು."

ಟೀಚರ್ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿದರು. ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದ ತಲೆ ಅದು, ಕ್ಯಾಲ್ಕುಲೇಟರ್ ಬೇಕಿಲ್ಲ. ಕಣ್ಣು ತೆರೆದಾಗ ಅವರ ಮುಖ ಬಾಡಿಹೋಗಿತ್ತು.

"ಮೂವತ್ತನಾಲ್ಕು ಪರ್ಸೆಂಟ್! ಅಯ್ಯೋ ದೇವರೇ, ಒಂದೇ ಒಂದು ಮಾರ್ಕಿಗೆ ಹೋಯ್ತಲ್ಲ ಮಾರಾಯ!"

"ಯಾರು ಫೇಲಾದದ್ದು ಟೀಚರ್?" ರವೂಫರು ಸಕ್ಕರೆ ಕಟ್ಟುತ್ತಿದ್ದವರು ಗಾಬರಿಯಿಂದ ತಲೆ ಎತ್ತಿದರು.

"ನಮ್ಮ ಮಣ್ಣು!"

ದೇವಿಪ್ರಸಾದನಿಗೆ ನಗು ತಡೆಯಲಿಕ್ಕಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕ. ಪಿಎಚ್ ಅಂದರೆ ಮಾರ್ಕಲ್ಲ ಟೀಚರ್ ಎಂದು ಎರಡು ಮಾತಿನಲ್ಲಿ ಹೇಳಿದ್ದರೆ ಮುಗಿಯುತ್ತಿತ್ತು. ಅದು ಬಿಟ್ಟು ನಗುತ್ತಲೇ ಮನೆಗೆ ಹೋದ. ಪರೀಕ್ಷೆಯಲ್ಲಿ ರಾಜ್ಯಕ್ಕೇ ಫಸ್ಟ್ ಬರುವ ಜಿಲ್ಲೆಯಲ್ಲಿ ಫೇಲಿನ ವಿಷಯಕ್ಕೆ ನಗುವುದೆಂದರೆ ಸಾವಿನ ಮನೆಯಲ್ಲಿ ನಕ್ಕ ಹಾಗೆ ಎಂದು ಅವನಿಗೆ ಹೊಳೆಯಲಿಲ್ಲ.

ಅವನ ಖುಷಿಗೆ ಕಾರಣ ಇತ್ತು. ದೇವಿಪ್ರಸಾದ ಮಣ್ಣು ಸಮೀಕ್ಷೆಯ ಕ್ಷೇತ್ರ ಸಹಾಯಕ. ಗುಂಡಿ ತೋಡಿಸುವುದು, ಅದರೊಳಗೆ ಇಳಿಯುವುದು, ಗೋಡೆಯ ಮಣ್ಣನ್ನು ಪದರ ಪದರವಾಗಿ ಕೆರೆದು, ಹಿಸುಕಿ, ಮೂಸಿ, ಚೀಲಕ್ಕೆ ತುಂಬಿ ಮೂಡುಬಿದಿರೆಯ ಲ್ಯಾಬಿಗೆ ಕಳಿಸುವುದು, ಇಷ್ಟೇ ಅವನ ಉದ್ಯೋಗ. ಮಗಳು ಹುಟ್ಟಿದ ಸುದ್ದಿ ಬಂದಾಗಲೂ ಅವನು ಗುಂಡಿಯಲ್ಲಿದ್ದ. ಬೆನ್ನು ಹೋಗಿತ್ತು, ಮಂಡಿ ಹೋಗುವುದರಲ್ಲಿತ್ತು, ಊರಲ್ಲಿ 'ಗುಂಡಿ ದೇವಿ' ಎಂದು ಹೆಸರು ಬಿದ್ದಿತ್ತು. ಹೆಂಡತಿ ರಮ್ಯಶ್ರೀ ಅವನ ಅಂಗಿ ಒಗೆಯುವ ಕಲ್ಲನ್ನೇ ಬೇರೆ ಇಟ್ಟಿದ್ದಳು. ಮೂಡುಬಿದಿರೆಯ ಲ್ಯಾಬಿನಲ್ಲಿ ಒಂದು ಜಾಗ ಖಾಲಿ ಇತ್ತು. ತಿರುಗುವ ಕುರ್ಚಿ, ಮೇಲೊಂದು ಫ್ಯಾನು, ಮಣ್ಣು ತಾನಾಗಿ ಚೀಲದಲ್ಲಿ ಬಂದು ಮೇಜಿನ ಮೇಲೆ ಕೂರುವಂಥ ಸುಖ. ಆ ಕುರ್ಚಿ ಅವನಿಗೆ ಕನಸಿನಲ್ಲೂ ಬರುತ್ತಿತ್ತು.

ಅದು ಸಿಗುವ ದಾರಿಯನ್ನು ಹಿರಿಯ ವಿಜ್ಞಾನಿ ಡಾಕ್ಟರ್ ಶುಭಶ್ರೀಯವರೇ ಹೇಳಿದ್ದರು. ನೆಕ್ಕರೆಪದವಿನ ಮಣ್ಣು ಇದುವರೆಗೆ ಯಾರೂ ಗುರುತಿಸದ ಹೊಸ ಬಗೆ ಎಂದು ದೇವಿಪ್ರಸಾದ ವಾದ ಹೂಡಿದ್ದ. ಹೊಸ ಬಗೆ ಎಂದಾದರೆ ಊರಿನ ಹೆಸರೇ ಮಣ್ಣಿಗೆ, ದೇಶದ ನಕ್ಷೆಯಲ್ಲಿ 'ನೆಕ್ಕರೆಪದವು ಮಣ್ಣು' ಎಂದೇ ಬರೆಯುತ್ತಾರೆ. "ಇವತ್ತು ನಾನೇ ಬಂದು ನೋಡ್ತೇನೆ. ಲ್ಯಾಬಿನ ಲೆಕ್ಕ, ಮಳೆಯ ಲೆಕ್ಕ, ನೆಲದ ಇಳಿಜಾರು, ಮೂರೂ ತಾಳೆಯಾಗಬೇಕು. ಕೆಳಗೆ ಮುರಕಲ್ಲು ಇರಬಾರದು. ಹೊಸದು ಹೌದಾದ್ರೆ ನೀವು ಲ್ಯಾಬಿಗೆ. ಅಲ್ಲದಿದ್ರೆ ಬೆಳ್ತಂಗಡಿಯಲ್ಲಿ ಮುಂದಿನ ಗುಂಡಿ ತೋಡಿಸಿ," ಎಂದು ಬೆಳಿಗ್ಗೆಯೇ ಫೋನಿನಲ್ಲಿ ಹೇಳಿದ್ದರು.

ಮುರಕಲ್ಲಿನದ್ದೇ, ಅಂದರೆ ಈ ಕಡೆ ಎಲ್ಲೆಲ್ಲೂ ಸಿಗುವ ಕೆಂಪು ಜಂಬಿಟ್ಟಿಗೆಯದ್ದೇ, ಅವನಿಗೆ ಸ್ವಲ್ಪ ಅಳುಕು. ತೋಡಲು ಬಂದ ಆಳುಗಳು ಎದೆಮಟ್ಟ ಆಗುತ್ತಲೇ ದಣಿದು ಹಾರೆ ಬಿಸಾಡಿ ಹೋಗಿದ್ದರು. ಅದರ ಕೆಳಗೆ ಏನುಂಟೆಂದು ದೇವರಿಗೇ ಗೊತ್ತು. ಇರಲಿ, ಪಿಎಚ್ ಅಷ್ಟು ಕಡಿಮೆ ಬಂದು ಮಣ್ಣು ಅಷ್ಟು ಹುಳಿ ಇದೆಯಲ್ಲ, ಅದೇ ದೊಡ್ಡ ಸಾಕ್ಷಿ ಎಂದು ಧೈರ್ಯ ತಂದುಕೊಂಡು, ಮಿಂದು, ಇಸ್ತ್ರಿ ಹಾಕಿದ ಅಂಗಿ ತೊಟ್ಟು ಗುಂಡಿಯ ಹತ್ತಿರ ಬಂದ. ಬಂದವನು ಅಲ್ಲೇ ಕಲ್ಲಾಗಿ ನಿಂತ.

ಗುಂಡಿ ಬೆಳ್ಳಗಿತ್ತು. ಗೋಡೆಗೆ ಗೋಡೆಯೇ ಸುಣ್ಣ. ಸುತ್ತಲೂ ಶಂಕರಿ ಟೀಚರ ಸ್ವಸಹಾಯ ಸಂಘದ ಹೆಂಗಸರು ಬಕೆಟ್ ಹಿಡಿದು ನಿಂತಿದ್ದರು. ರವೂಫರು ಖಾಲಿ ಸುಣ್ಣದ ಚೀಲ ಕೊಡವುತ್ತಿದ್ದರು.

"ಇದೆಂತ ಮಾಡಿದ್ರಿ ಟೀಚರ್!"

"ಗ್ರೇಸ್ ಮಾರ್ಕ್ಸ್!" ಟೀಚರ್ ಗೆದ್ದವರಂತೆ ನಕ್ಕರು. "ಸುಣ್ಣ ಹಾಕಿದ್ರೆ ಪಿಎಚ್ ಮೇಲೆ ಹೋಗ್ತದೆ ಅಂತ ಮೊಬೈಲಲ್ಲಿ ನೋಡಿದೆ. ಒಳ್ಳೇ ಚಿಪ್ಪಿನ ಸುಣ್ಣ. ಈಗ ಎಂಟಾದ್ರೂ ಬರ್ತದೆ, ಐವತ್ತೇಳು ಪರ್ಸೆಂಟ್. ಡಿಸ್ಟಿಂಕ್ಷನ್ ಇಲ್ಲದಿದ್ರೂ ಮರ್ಯಾದೆ ಉಳೀತದೆ. ನಾನಿದ್ದಷ್ಟು ದಿನ ಈ ಊರಲ್ಲಿ ಒಬ್ಬನೂ ಫೇಲಾಗಲಿಲ್ಲ, ಗೊತ್ತುಂಟಲ್ಲ? ಒಬ್ಬನೂ!"

ದೇವಿಪ್ರಸಾದನಿಗೆ ಅಳುವುದೋ ಕಿರುಚುವುದೋ ತಿಳಿಯಲಿಲ್ಲ. ಕಣ್ಣೆದುರಿಗೇ ತಿರುಗುವ ಕುರ್ಚಿ ಗಿರ್ರನೆ ತಿರುಗಿ ದೂರ ಹೋಗುತ್ತಿತ್ತು.

"ಟೀಚರ್, ಕೈ ಮುಗಿತೇನೆ, ಕೇಳಿ. ಈ ಮಣ್ಣು ಹುಳಿ ಇರಬೇಕು. ಹುಳಿ ಇದ್ರೆ ಮಾತ್ರ ಹೊಸ ಮಣ್ಣು. ಹುಳಿ ಇದ್ರೆ ಮಾತ್ರ ನಮ್ಮ ಊರಿನ ಹೆಸರು ನಕ್ಷೆಯಲ್ಲಿ ಬರ್ತದೆ. ಕಡಿಮೆ ಬಂದದ್ದೇ ಇಲ್ಲಿ ರ‍್ಯಾಂಕ್!"

ಟೀಚರ್ ಸೊಂಟಕ್ಕೆ ಕೈಕೊಟ್ಟರು. "ಹಾಗಾದ್ರೆ ಬೆಳಿಗ್ಗೆ ಹೇಳ್ಲಿಕ್ಕೆ ಎಂತ ರೋಗ ನಿಂಗೆ? ಹಲ್ಲು ಕಿಸಿದು ಹೋದದ್ದು ಯಾರು?"

ದೇವಿಪ್ರಸಾದ ಆ ಮಾತು ಬಿಟ್ಟು ಗುಂಡಿಯ ಕಡೆ ತಿರುಗಿದ. ಸುಣ್ಣ ತಾಗಿದ ಗೋಡೆಯನ್ನು ಒಂದು ಮೊಳ ಹಿಂದಕ್ಕೆ ಕೆತ್ತಿ ತೆಗೆದರೆ ಹೊಸ ಮುಖ ಸಿಗುತ್ತದೆ ಎಂದ. ಊರಿನ ಹೆಸರು ನಕ್ಷೆಗೆ ಏರುತ್ತದೆ ಎಂದು ಕೇಳಿದ ಮೇಲೆ ಹೇಳಬೇಕೇ? ಹಾರೆ, ಗುದ್ದಲಿ, ಬುಟ್ಟಿ ಎಲ್ಲೆಲ್ಲಿಂದಲೋ ಬಂದವು. ಅರ್ಧ ಗಂಟೆಯಲ್ಲಿ ಸುಣ್ಣ ಹೋಗಿ ಕೆಂಪು ಗೋಡೆ ಕಾಣಿಸಿತು. ದೇವಿಪ್ರಸಾದ ಉಸಿರು ಬಿಟ್ಟ. ಮಾಣಿ ದಾಟಿದೆ ಎಂದು ಮೇಡಮ್ಮನ ಫೋನ್ ಬಂತು. ದಾರಿ ತಪ್ಪದಿರಲಿ ಎಂದು ಅವನು ಮೆಲ್ಕಾರಿನ ತನಕ ಬೈಕಿನಲ್ಲಿ ಓಡಿದ.

ಅಲ್ಲಿ ಕಾದು ಕಾದು ಸಾಕಾದಾಗ ಮೇಡಂ ಮತ್ತೆ ಫೋನ್ ಮಾಡಿದರು. ಚಾ ಕುಡಿಯಲು ನಿಂತಿದ್ದಾರಂತೆ, ಇನ್ನು ಸ್ವಲ್ಪ ಹೊತ್ತಾಗುತ್ತದಂತೆ. ಅಷ್ಟರಲ್ಲಿ ಗುಂಡಿಯನ್ನು ಇನ್ನೊಮ್ಮೆ ನೋಡಿ ಬರುವ ಎಂದು ಅವನು ಹಿಂದೆ ತಿರುಗಿದ. ಪದವಿನ ಗುಡ್ಡ ಹತ್ತುವಾಗಲೇ ಮೂಗಿಗೆ ಹುಳಿ ಘಮ್ಮೆಂದು ಬಡಿಯಿತು. ಬೈಕ್ ನಿಲ್ಲಿಸಿ ಗುಂಡಿಯ ಕಡೆ ಓಡಿದ.

ರವೂಫರ ಹೆಂಡತಿ ಅವ್ವಮ್ಮ ಗುಂಡಿಯ ಅಂಚಿನಲ್ಲಿ ನಿಂತು ದೊಡ್ಡ ಪಾತ್ರೆಯಿಂದ ಏನನ್ನೋ ಗೋಡೆಗೆ ಎರೆಯುತ್ತಿದ್ದರು. ಗೋಡೆ ಕಡು ಕೆಂಪಾಗಿ ಮದುವೆ ಮನೆಯ ಶರಬತ್ತಿನ ಹಾಗೆ ಹೊಳೆಯುತ್ತಿತ್ತು.

"ಪುನರ್ಪುಳಿ," ಎಂದರು ಅವ್ವಮ್ಮ ಅಭಿಮಾನದಿಂದ. "ವರ್ಷಕ್ಕೆ ಅಂತ ಒಣಗಿಸಿಟ್ಟ ಹಣ್ಣಿನ ಸಿಪ್ಪೆ ಪೂರ್ತಿ ನೆನೆಸಿ ಹಿಂಡಿದೆ ಮಗಾ. ಊರಿಗೆ ಅಂತ ಆದ ಮೇಲೆ ಲೆಕ್ಕ ಹಾಕ್ಲಿಕ್ಕುಂಟಾ?"

"ತಳಕ್ಕೆ ಹುಳಿ ಹುಳಿ ಬಿಂಬುಳಿ ಕಾಯಿ ಜಜ್ಜಿ ಹಾಕಿದ್ದೇವೆ," ಎಂದರು ಶಂಕರಿ ಟೀಚರ್. "ನಾಲ್ಕು ಪಾಯಿಂಟ್ ಎಂಟು ಎಂತದ್ದಕ್ಕೆ? ಎರಡಕ್ಕೆ ಇಳಿಸುವ. ರ‍್ಯಾಂಕ್ ಬರುವುದಾದ್ರೆ ಫಸ್ಟ್ ರ‍್ಯಾಂಕೇ ಬರ್ಲಿ!"

ದೇವಿಪ್ರಸಾದ ತೊಪ್ಪನೆ ಮಣ್ಣಿನ ರಾಶಿಯ ಮೇಲೆ ಕುಳಿತ. ಇಸ್ತ್ರಿ ಅಂಗಿ ಹೋಯಿತು. ಹೋಗಲಿ. ಬಣ್ಣ ಹೋಯಿತು, ಹುಳಿ ಹೋಯಿತು, ಮೂಡುಬಿದಿರೆ ಹೋಯಿತು. ಯಾರನ್ನು ಬಯ್ಯುವುದು? ವರ್ಷದ ಪುನರ್ಪುಳಿ ಸುರಿದ ಹೆಂಗಸನ್ನು ಬಯ್ಯಲಿಕ್ಕೆ ಬಾಯಿ ಬರುತ್ತದಾ?

"ಎಂತಾಯ್ತು ದೇವಿಯಣ್ಣ?" ಎಂದು ಕೇಳಿದವನು ನೌಫಲ್, ರವೂಫರ ತಂಗಿಯ ಮಗ. ದುಬೈಯಿಂದ ಬಂದು ಜೆಸಿಬಿ ತೆಗೆದುಕೊಂಡಿದ್ದ. ಮೇಡಮ್ಮನ ಕಾರು ನಿಲ್ಲಿಸಲು ಜಾಗ ಸಮ ಮಾಡಿಕೊಡುತ್ತೇನೆಂದು ಅದನ್ನೂ ತಂದು ನಿಲ್ಲಿಸಿದ್ದ.

"ಸಮ ಗಿಮ ಮಾಡ್ಬೇಡ!" ದೇವಿಪ್ರಸಾದ ಎದ್ದು ನಿಂತು ಕೂಗಿದ. "ಇಳಿಜಾರು ಇರುವ ಹಾಗೇ ಇರ್ಬೇಕು! ಒಂದು ಕೆಲಸ ಮಾಡು ಮಾರಾಯ. ಈ ಗೋಡೆಯನ್ನು ಒಂದಾಳಿನಷ್ಟು ಹಿಂದಕ್ಕೆ ಕಡಿ. ಬೇಗ! ಮೇಡಂ ಬಂದಾಯ್ತು!"

"ಇಷ್ಟೇನಾ?" ಎಂದ ನೌಫಲ್. ಹೊಸ ಜೆಸಿಬಿ, ಹೊಸ ಹುರುಪು, ಸುತ್ತಲೂ ನೋಡುವವರು. ಒಂದಾಳಿನಷ್ಟು ಹಿಂದಕ್ಕೆ ಎಂದದ್ದನ್ನು ಅವನು ಒಂದಾಳಿನಷ್ಟು ಕೆಳಕ್ಕೆ ಎಂದೂ ಸೇರಿಸಿ ಕೇಳಿಸಿಕೊಂಡ. ಜೆಸಿಬಿ ಗುಡುಗಿತು. ಪುನರ್ಪುಳಿ, ಬಿಂಬುಳಿ, ಅಳಿದುಳಿದ ಸುಣ್ಣ ಎಲ್ಲ ಒಂದೇ ಬಾಚಿಗೆ ಆಚೆ ಬಿತ್ತು. ಇನ್ನೊಂದು ಬಾಚು, ಮತ್ತೊಂದು. "ಸಾಕು! ಸಾಕು ಮಾರಾಯ!" ಎಂದು ದೇವಿಪ್ರಸಾದ ಬೊಬ್ಬೆ ಹಾಕಿದ್ದು ಇಂಜಿನ್ನಿನ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಎದೆಮಟ್ಟದ ಗುಂಡಿ ನೋಡುನೋಡುತ್ತಾ ಬಾವಿಯ ಆಳಕ್ಕೆ ಹೋಯಿತು.

ನೌಫಲ್ ಇಂಜಿನ್ ನಿಲ್ಲಿಸಿದಾಗ ಹಿಂದಿನಿಂದ ಕಾರಿನ ಬಾಗಿಲು ಮುಚ್ಚಿದ ಸದ್ದು. ದಾರಿ ಕೇಳಿಕೊಂಡು ತಾವಾಗಿಯೇ ಬಂದಿದ್ದ ಡಾಕ್ಟರ್ ಶುಭಶ್ರೀ ಟೊಪ್ಪಿ ಹಾಕಿಕೊಂಡು ನಡೆದು ಬರುತ್ತಿದ್ದರು.

ಮೇಡಂ ನೇರ ಅಂಚಿಗೆ ಬಂದು ಬಗ್ಗಿ ನೋಡಿದರು. ನೋಡಿದವರು ಹಾಗೇ ನಿಂತುಬಿಟ್ಟರು. ದೇವಿಪ್ರಸಾದ ಕಣ್ಣು ಮುಚ್ಚಿಕೊಂಡು ಬೆಳ್ತಂಗಡಿಯ ಗುಂಡಿಗೆ ಮನಸ್ಸನ್ನು ಹದಮಾಡಿಕೊಳ್ಳತೊಡಗಿದ.

"ದೇವಿಪ್ರಸಾದ್," ಎಂದರು ಮೇಡಂ ನಿಧಾನವಾಗಿ, "ಕಲ್ಲೆಲ್ಲಿ?"

ಅವನು ಕಣ್ಣು ತೆರೆದ. ಅವನೂ ಬಗ್ಗಿ ನೋಡಿದ. ಮೇಲೆ ತೆಳುವಾಗಿ ಕಂದು, ಅದರ ಕೆಳಗೆ ಕೆಂಪು, ಕೆಳಗಿಳಿದಂತೆ ಹಳದಿ ಬೆರೆತ ಕೆಂಪು. ತಳದವರೆಗೂ ಬೆಣ್ಣೆಯಂಥ ಮೆತ್ತನೆಯ ಮಣ್ಣು. ಸುತ್ತಮುತ್ತ ಎಲ್ಲಿ ಗುದ್ದಲಿ ಹಾಕಿದರೂ ಠಣ್ ಎನ್ನುವ ಮುರಕಲ್ಲು ಇಲ್ಲಿ ಒಂದು ಹರಳೂ ಇರಲಿಲ್ಲ.

"ಇಲ್ಲ ಮೇಡಂ!" ಅವನ ಸ್ವರ ಹಾರಿತು. "ಕಲ್ಲೇ ಇಲ್ಲ!"

ಮೇಡಂ ಏಣಿ ಇಡಿಸಿ ತಾವೇ ಇಳಿದರು. ಗೋಡೆ ಕೆರೆದರು, ಮಣ್ಣನ್ನು ನೀರಿನಲ್ಲಿ ಕಲಸಿ ಬೆರಳ ನಡುವೆ ಪಟ್ಟಿ ಎಳೆದರು, ಬಣ್ಣದ ಪುಸ್ತಕಕ್ಕೆ ಹಿಡಿದು ನೋಡಿದರು. ಚಿಟಿಕೆ ಮಣ್ಣಿನ ಮೇಲೆ ಪಿಎಚ್ ನೋಡುವ ದ್ರಾವಣದ ಹನಿ ಬಿಟ್ಟರು. ಮೇಲೆ ಶಂಕರಿ ಟೀಚರ್ ಎರಡೂ ಕೈ ಜೋಡಿಸಿ ಕಣ್ಣು ಮುಚ್ಚಿ ಪಿಸುಗುಡುತ್ತಿದ್ದರು, "ಕಡಿಮೆ ಬರ್ಲಿ, ಕಡಿಮೆ ಬರ್ಲಿ." ಅವರು ಬದುಕಿನಲ್ಲಿ ಹಾಗೆ ಬೇಡಿಕೊಂಡದ್ದು ಅದೇ ಮೊದಲು.

"ಲ್ಯಾಬಿನಲ್ಲಿ ಬಂದದ್ದೇ ಇಲ್ಲೂ ಬಂತು," ಎಂದರು ಮೇಡಂ. "ಒಳ್ಳೇ ಹುಳಿ ಮಣ್ಣು."

ಮೇಲಿದ್ದವರೆಲ್ಲ ಹೋ ಎಂದು ಕೂಗಿದರು. ಮೇಡಂ ಹತ್ತಿ ಬಂದು ಇಳಿಜಾರು ಅಳೆದರು. ಪದವಿನ ನಡುವೆ ಬೋಗುಣಿಯ ಹಾಗೆ ತಗ್ಗಿದ ಈ ಜಾಗಕ್ಕೆ ಸುತ್ತಲಿನ ಮಣ್ಣು ಕಾಲಕಾಲದಿಂದ ಜಾರಿ ಬಂದು ಕೂತಿದೆ, ಸರಿಯಾಗಿದೆ ಎಂದರು. ಕೊನೆಗೆ ರವೂಫರ ಅಂಗಳದಲ್ಲಿ ಇಲಾಖೆಯವರು ಇಟ್ಟಿದ್ದ ಮಳೆಮಾಪಕದಿಂದ ರವೂಫರೇ ದಿನಾ ಬರೆದಿಟ್ಟ ಲೆಕ್ಕ ತೆಗೆದು ಹುಬ್ಬು ಗಂಟಿಕ್ಕಿದರು.

"ಆಟಿಯಲ್ಲಿ ಒಂದು ದಿನ ಬಂಟ್ವಾಳ ತಾಲೂಕಿನಲ್ಲೇ ಮಳೆ ಇರಲಿಲ್ಲ. ನಿಮ್ಮಲ್ಲಿ ಇಷ್ಟು ಮಳೆ ಎಲ್ಲಿಂದ ಬಂತು?"

ರವೂಫರು ಗಂಟಲು ಸರಿಮಾಡಿಕೊಂಡು ಮುಂದೆ ಬಂದರು.

"ಅದು ನಾನು ಮೇಡಂ. ಆ ದಿನ ಮಾಪಕ ಖಾಲಿ ಇತ್ತು. ಜಡಿಮಳೆಯ ಆಟಿ ತಿಂಗಳಲ್ಲಿ ನಮ್ಮ ಊರಿಗೆ ಸೊನ್ನೆ ಅಂತ ಬರೆದ್ರೆ ನೋಡ್ಲಿಕ್ಕೆ ಚಂದ ಇಲ್ಲ ಅಲ್ವಾ? ಹಾಗೆ ಒಂದು ಚೆಂಬು ನೀರು..."

ಮೇಡಮ್ಮನ ತುಟಿ ಅದುರಿತು, ಭುಜ ಕುಲುಕಿತು, ಆಮೇಲೆ ಅವರು ನಕ್ಕ ನಗುವಿಗೆ ಟೊಪ್ಪಿಯೇ ಕೆಳಗೆ ಬಿತ್ತು.

"ಆ ಒಂದು ದಿನ ಬಿಡುವ. ಉಳಿದದ್ದೆಲ್ಲ ತಾಳೆಯಾಗ್ತದೆ." ಟೊಪ್ಪಿ ಎತ್ತಿಕೊಂಡು ನೆಟ್ಟಗೆ ನಿಂತರು. "ದೇವಿಪ್ರಸಾದ್, ನೀವು ಹೇಳಿದ್ದೇ ಸರಿ. ಇದು ಹೊಸ ಮಣ್ಣು. ನಾನು ಇದಕ್ಕೆ ನೆಕ್ಕರೆಪದವು ಅಂತಲೇ ಬರೀತೇನೆ!"

ಮಾರಾಯ್ರೆ, ಆಮೇಲಿನ ಗೌಜಿಯನ್ನು ಕೇಳಬೇಡಿ. ನೌಫಲ್ ಜೆಸಿಬಿಯ ಹಾರ್ನಿನಿಂದ ಕೈ ತೆಗೆಯಲೇ ಇಲ್ಲ. ಅವ್ವಮ್ಮ ಶಂಕರಿ ಟೀಚರನ್ನು ತಬ್ಬಿಕೊಂಡರು. ಟೀಚರ್ ಕಣ್ಣೊರೆಸಿಕೊಳ್ಳುತ್ತಾ, "ಫಸ್ಟ್ ಅಟೆಂಪ್ಟಿನಲ್ಲೇ ರ‍್ಯಾಂಕ್!" ಎಂದು ಕಂಡಕಂಡವರಿಗೆಲ್ಲ ಹೇಳಿದರು. ರವೂಫರು ಅಂಗಡಿಯ ಲಾಡಿನ ಡಬ್ಬವನ್ನೇ ತಂದು ಹಂಚಿದರು. ಮಧ್ಯಾಹ್ನಕ್ಕೆ ಗುಂಡಿಗೆ ಮಾವಿನೆಲೆಯ ತೋರಣ, ಪಕ್ಕದಲ್ಲಿ ಬ್ಯಾನರ್, ಬ್ಯಾನರಿನಲ್ಲಿ ಮಣ್ಣಿನ ಫೋಟೋ, ಮಣ್ಣಿಗೆ ಹಾರ್ದಿಕ ಅಭಿನಂದನೆ. ಹುಡುಗರು ದೇವಿಪ್ರಸಾದನನ್ನು ಹೆಗಲ ಮೇಲೆ ಎತ್ತಿ ಗುಂಡಿಗೆ ಸುತ್ತು ಹಾಕಿಸಿದರು. ಮೇಲಿನಿಂದ ಅವನಿಗೆ ಹೆಂಡತಿ ರಮ್ಯಶ್ರೀ ಕಂಡಳು. ಅವಳು ನಗುತ್ತಿದ್ದಳು, ಅವನ ಅಂಗಿಯ ಮಣ್ಣು ನೋಡಿಯೂ ನಗುತ್ತಿದ್ದಳು. ಇದು ಕಡೆಯ ಮಣ್ಣು ಎಂದು ಇಬ್ಬರಿಗೂ ಗೊತ್ತಿತ್ತು. ಗುಂಡಿಗೆ ಇಳಿದ ಹದಿನೈದು ವರ್ಷದಲ್ಲಿ ಅವನಿಗೆ ಅಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ.

ಮೇಡಂ ಬ್ಯಾನರಿನ ಎದುರು ನಿಂತು ಆ ಗದ್ದಲವನ್ನು ನೋಡುತ್ತಲೇ ಇದ್ದರು. ಅವರ ಕಣ್ಣೂ ಒದ್ದೆಯಾಗಿತ್ತು. ಅವರ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಶಂಕರಿ ಟೀಚರ್ ಸುದ್ದಿಯನ್ನು ನಿವೃತ್ತ ಶಿಕ್ಷಕರ ವಾಟ್ಸಾಪ್ ಗುಂಪಿಗೆ, ಮೇಡಮ್ಮನ ನಂಬರಿನ ಸಮೇತ ಹಾಕಿಯಾಗಿತ್ತು. ಆ ಗುಂಪಿನಲ್ಲಿ ಮೂರು ತಾಲೂಕಿನ ಟೀಚರುಗಳು.

"ಇಲ್ಲಿ ಕೇಳಿ ದೇವಿಪ್ರಸಾದ್," ಎಂದರು ಮೇಡಂ, ಅವನು ಹೆಗಲಿನಿಂದ ಇಳಿದು ಬಂದಾಗ. "ನಾನು ಎಷ್ಟೋ ಜಿಲ್ಲೆಗಳಲ್ಲಿ ಗುಂಡಿ ತೋಡಿಸಿದ್ದೇನೆ. ಬೈದು ಅಟ್ಟಿದವರಿದ್ದಾರೆ, ನಾಯಿ ಬಿಟ್ಟವರಿದ್ದಾರೆ. ಗುಂಡಿಗೆ ತೋರಣ ಕಟ್ಟಿದ ಊರನ್ನು ಇವತ್ತೇ ನೋಡಿದ್ದು. ಜನರನ್ನು ಹೀಗೆ ಮಣ್ಣಿಗೆ ಹಚ್ಚುವ ಕಲೆ ಎಲ್ಲರಿಗೂ ಬರುವುದಿಲ್ಲ."

"ಎಲ್ಲ ನಿಮ್ಮ ಆಶೀರ್ವಾದ ಮೇಡಂ," ಎಂದ ಅವನು ನಾಚಿ. "ಹಾಗಾದ್ರೆ ಮೂಡುಬಿದಿರೆಗೆ ಯಾವಾಗ ಬರ್ಲಿ? ಸೋಮವಾರ?"

"ಸೋಮವಾರವೇ ಬನ್ನಿ. ನಿಮಗೆ ಬಡ್ತಿ! ಇನ್ನು ನೀವು ಸಹಾಯಕ ಅಲ್ಲ, ಅಧಿಕಾರಿ. ಮೂಡುಬಿದಿರೆಯಿಂದಲೇ ಶುರು ಮಾಡುವ, ನಮ್ಮ ಮಣ್ಣನ್ನೂ ನೋಡಿ ಅಂತ ಅಲ್ಲಿಂದ ಈಗಷ್ಟೇ ಏಳು ಊರಿನವರು ಫೋನ್ ಮಾಡಿದ್ರು. ಆಮೇಲೆ ಬೆಳ್ತಂಗಡಿ. ಮತ್ತೆ ಬಂಟ್ವಾಳದ ಉಳಿದ ಊರುಗಳು."

"ಊರುಗಳು ಅಂದ್ರೆ... ಲ್ಯಾಬ್ ಮೇಡಂ? ಕುರ್ಚಿ?"

"ಛೆ! ನಿಮ್ಮಂಥವರನ್ನು ಲ್ಯಾಬಿನಲ್ಲಿ ಕೂರಿಸುವುದಾ? ಅದಕ್ಕೆ ಯಾರಾದ್ರೂ ಸಿಗ್ತಾರೆ. ನಾನು ಅಷ್ಟು ದೊಡ್ಡ ತಪ್ಪು ಮಾಡುವುದಿಲ್ಲ."

"ಸರಿಯಾಗಿ ಹೇಳಿದ್ರಿ ಮೇಡಂ!" ಶಂಕರಿ ಟೀಚರ್ ಚಪ್ಪಾಳೆ ತಟ್ಟಿದರು. ಇಡೀ ನೆಕ್ಕರೆಪದವು ಚಪ್ಪಾಳೆ ತಟ್ಟಿತು. ರಮ್ಯಶ್ರೀ ಮಾತ್ರ ತಟ್ಟಲಿಲ್ಲ.

ದೇವಿಪ್ರಸಾದ ಬಾಯಿ ತೆರೆದ. ಏನಾದರೂ ಹೇಳಬೇಕೆಂದಿದ್ದ. ಅಷ್ಟರಲ್ಲಿ ಎರಡು ಜೀಪು ಧೂಳೆಬ್ಬಿಸಿಕೊಂಡು ಬಂದು ಬ್ಯಾನರಿನ ಪಕ್ಕ ನಿಂತವು. ಮಾಣಿ ಕಡೆಯವರು. ಕೈಯಲ್ಲಿ ಮಲ್ಲಿಗೆ ಹಾರ. ಮುಂದಿದ್ದ ಹಿರಿಯರು, ಝುಬೈರ್ ಮಾಷ್ಟ್ರು, ನೇರ ಬಂದು ಹಾರವನ್ನು ಅವನ ಕೊರಳಿಗೆ ಹಾಕಿ, ಎರಡೂ ಕೈ ಹಿಡಿದುಕೊಂಡರು.

"ಮೇಡಂ ಫೋನಿನಲ್ಲಿ ಸೋಮವಾರದ ನಂತರ ಅಂದ್ರು. ಅಲ್ಲಿಯವರೆಗೆ ಯಾಕೆ ಕಾಯುವುದು ಸರ್? ನಮ್ಮಲ್ಲಿ ಜೆಸಿಬಿ ಬಂದು ಗುಂಡಿ ತೋಡಿ ಆಗಿದೆ. ಬನ್ನಿ, ನೀವು ಇಳಿಯುವುದೊಂದೇ ಬಾಕಿ."